ಮನಸ್ಸಿನ ಮದ್ದು, ಕಣ್ಣಿನ ಎಚ್ಚರ

(ಆಕಾಶವಾಣಿ ಭಾಷಣ)

ಬೇಲೂರಿನ ಚೆನ್ನಕೇಶವ ದೇವಾಲಯಕ್ಕೆ ನಡುಹಗಲಿನಲ್ಲಿ ಹೋದವರಿಗೆಲ್ಲ ಒಂದು ಅನುಭವ ಆಗಿಯೇ ಇರುತ್ತದೆ. ಅಂಗಳದ ಉರಿಬಿಸಿಲಿನಿಂದ ನವರಂಗದೊಳಕ್ಕೆ ಕಾಲಿಟ್ಟ ಕೂಡಲೆ ಕಣ್ಣು ಕತ್ತಲೆಗಟ್ಟುತ್ತದೆ; ಕೈಗೆ ತಾಗುವಷ್ಟು ಹತ್ತಿರದ ಕಂಬವೂ ಕಾಣದು. ಸ್ವಲ್ಪ ಹೊತ್ತು ಸುಮ್ಮನೆ ನಿಂತರೆ ಆ ನುಣುಪಾದ ಕಂಬಗಳು ಒಂದೊಂದಾಗಿ ಕತ್ತಲಿನಿಂದ ಎದ್ದು ಬರುತ್ತವೆ. ಹತ್ತಿರ ಹೋಗಿ ಮುಖವಿಟ್ಟು ನೋಡಿದರೆ ಸಣ್ಣ ಸಣ್ಣ ಬೊಂಬೆಗಳ ಮೂಗು, ಬಾಯಿ, ಒಡವೆಗಳೂ ತಿಳಿಯುತ್ತವೆ. ನೋಡಿ ಮುಗಿಸಿ ಹೊರಗೆ ಬಂದಾಗ ಬಿಸಿಲು ಕಣ್ಣನ್ನು ಚುಚ್ಚುತ್ತದೆ. ಒಂದು ಕ್ಷಣ ಕೈ ಅಡ್ಡ ಹಿಡಿದರೆ ಅದೂ ಸರಿಹೋಗುತ್ತದೆ. ನಾವು ದಾಸೋಜನನ್ನೂ ಅವನ ಮಗ ಚಾವಣನನ್ನೂ ಕೊಂಡಾಡುತ್ತ ಬಸ್ಸು ಹತ್ತುತ್ತೇವೆ. ಅಷ್ಟು ಹೊತ್ತಿನಲ್ಲಿ ನಮ್ಮ ಕಣ್ಣು ಮಾಡಿದ ಕೆಲಸವನ್ನು ಯಾರೂ ಕೊಂಡಾಡುವುದಿಲ್ಲ.

ಅದು ಮಾಡಿದ ಕೆಲಸ ಮುಖ್ಯವಾಗಿ ಮೂರು. ಬೆಳಕಿಗೆ ತಕ್ಕಂತೆ ಕಣ್ಣಪಾಪೆ ಹಿಗ್ಗಿತು, ಕುಗ್ಗಿತು. ಕಣ್ಣಿನ ಹಿಂಗೋಡೆಯಲ್ಲಿರುವ ಅಕ್ಷಿಪಟಲ ಕತ್ತಲಿಗೆ ಹೊಂದಿಕೊಂಡಿತು. ಹತ್ತಿರದ ಸೂಕ್ಷ್ಮವನ್ನು ನೋಡುವಾಗ ಒಳಗಿನ ಮಸೂರವು, ತನ್ನ ಸುತ್ತಲ ಸಣ್ಣ ಸ್ನಾಯುವಿನ ಸಹಾಯದಿಂದ, ತುಸು ಉಬ್ಬಿಕೊಂಡಿತು. ಈ ಮೂರೂ ನಮ್ಮ ಅಪ್ಪಣೆಗೆ ಕಾಯದೆ ನಡೆಯುವ ಕೆಲಸಗಳು. ಮನಸ್ಸಿನ ಕಾಯಿಲೆಗಾಗಿ ಬಹುಕಾಲ ಮದ್ದು ತೆಗೆದುಕೊಳ್ಳುವ ಕೆಲವರಲ್ಲಿ ಈ ಮೂರರಲ್ಲೊಂದು ಎಡವುವುದುಂಟು. ಅದು ಏಕೆ, ಹೇಗೆ, ಎಡವಿದಾಗ ಮಾಡಬೇಕಾದ್ದೇನು ಎಂಬುದೇ ಈ ಹೊತ್ತಿನ ನನ್ನ ಮಾತಿನ ವಿಷಯ.

ನಾನು ವೈದ್ಯನಲ್ಲ, ಕನ್ನಡ ಪಾಠ ಹೇಳಿ ನಿವೃತ್ತನಾದವನು. ಮನಸ್ಸಿನ ವಿಷಯ ರೇಡಿಯೋದಲ್ಲಿ ಹೇಳತಕ್ಕದ್ದೇ ಎಂದು ಯಾರಾದರೂ ಕೇಳಿದರೆ, ಅದಕ್ಕೊಂದು ಸಮಾಧಾನವಿದೆ. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ರೇಡಿಯೋ ನಿಲಯವನ್ನು ಆರಂಭಿಸಿ ನಮ್ಮ ಸೀಮೆಗೆ ಬಾನುಲಿಯನ್ನು ತಂದ ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರೇ ಆಗಿದ್ದರು. ಇನ್ನು ನನ್ನಂಥವನು ಈ ಮಾತನ್ನೇಕೆ ಎತ್ತಿಕೊಂಡೆ ಎಂದರೆ, ಅದಕ್ಕೆ ನಮ್ಮ ಮನೆಯಲ್ಲಿಯೇ ನಡೆದ ಒಂದು ಸಂಗತಿ ಕಾರಣ. ಅದರಲ್ಲಿ ನನ್ನ ತಪ್ಪೂ ಇದೆ. ಆ ತಪ್ಪಿನ ಬಳಿಕ ಬಲ್ಲ ವೈದ್ಯರನ್ನು ಕೇಳಿ, ಸಿಕ್ಕಿದ್ದನ್ನು ಓದಿ, ತಿಳಿದುಕೊಂಡದ್ದನ್ನು ತಮ್ಮ ಮುಂದಿಡುತ್ತಿದ್ದೇನೆ.

ನನ್ನ ಚಿಕ್ಕಪ್ಪನ ಮಗನೊಬ್ಬ ಅರಸೀಕೆರೆಯ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಅವನಿಗೆ ಚಿತ್ತವಿಕಲತೆಯ ಕಾಯಿಲೆ ಬಂದಿತ್ತು. ಯಾರೋ ತನ್ನನ್ನು ಕುರಿತು ಪಿಸುಗುಡುತ್ತಾರೆಂದು ರಾತ್ರಿಯೆಲ್ಲ ಕೂತಿರುತ್ತಿದ್ದವನು, ಮದ್ದು ಆರಂಭವಾದ ಮೇಲೆ ನಮ್ಮ ನಿಮ್ಮಂತೆ ಆದ. ಮದುವೆಯಾಯಿತು, ಮಕ್ಕಳಾದವು. ಹದಿನೆಂಟು ವರ್ಷ ಒಂದು ದಿನವೂ ತಪ್ಪದೆ ಮಾತ್ರೆ ನುಂಗಿ, ಮುತ್ತಿನಂಥ ಅಕ್ಷರದಲ್ಲಿ ಖಾತೆ ಬರೆದ.

ನಲವತ್ತೆರಡರ ಸುಮಾರಿಗೆ ಅವನಿಗೆ ಅಂಕಿಗಳು ಕಲಸಿಕೊಂಡಂತೆ ಕಾಣತೊಡಗಿದವು. ‘ಚಾಳೀಸು ಬಂತು’ ಎಂದು ನಾವೆಲ್ಲ ನಕ್ಕೆವು. ಕನ್ನಡಕ ಬಂತು. ಅದು ಸಾಲದೆಂದು ಇನ್ನೊಂದು, ಮತ್ತೊಂದು ಬಂದವು. ಮೂರು ಏಳಾಗಿ, ಏಳು ಒಂದಾಗಿ, ಮಂಡಿಯವರ ಲೆಕ್ಕ ತಪ್ಪಿತು. ಕಣ್ಣಿನ ಶಿಬಿರವೊಂದಕ್ಕೆ ನಾನೇ ಅವನನ್ನು ಕರೆದುಕೊಂಡು ಹೋದೆ. ಚೀಟಿ ಬರೆಯುತ್ತಿದ್ದ ದಾದಿ, ‘ಬೇರೆ ಏನಾದರೂ ಮಾತ್ರೆ ತೆಗೆದುಕೊಳ್ಳುತ್ತಾರೆಯೇ?’ ಎಂದು ಕೇಳಿದಳು. ಸಾಲಿನಲ್ಲಿ ನಮ್ಮ ಹಿಂದೆಯೇ ಗುರುತಿನವರು ನಿಂತಿದ್ದರು. ಅವನು ನನ್ನ ಮುಖ ನೋಡಿದ. ‘ಏನೂ ಇಲ್ಲಮ್ಮ, ಆರೋಗ್ಯವಾಗಿದ್ದಾನೆ’ ಎಂದು ನಾನೇ ಹೇಳಿಬಿಟ್ಟೆ. ಮಾತನ್ನೇ ವೃತ್ತಿಯಾಗಿ ಮಾಡಿಕೊಂಡವನು, ಆಡಲೇಬೇಕಾಗಿದ್ದ ಒಂದು ಮಾತನ್ನು ನುಂಗಿದೆ.

ಕೆಲಸ ಹೋಯಿತು. ಕಣ್ಣು ಕೆಟ್ಟದ್ದು ಮಾತ್ರೆಯಿಂದಲೇ ಎಂದು ಅವನಿಗೆ ಒಳಗೇ ಅನುಮಾನವಿತ್ತು. ಯಾರಿಗೂ ಹೇಳದೆ ಎಲ್ಲ ಮಾತ್ರೆಗಳನ್ನೂ ನಿಲ್ಲಿಸಿದ. ಕೆಲವು ದಿನ ಓದು ಹಗುರವಾಯಿತಂತೆ, ಅವನಿಗೆ ಹಿಗ್ಗಾಯಿತು. ಮೂರನೆಯ ತಿಂಗಳಿಗೆ ಪಿಸುಮಾತುಗಳು ಮರಳಿ ಬಂದವು. ಒಂದು ರಾತ್ರಿ ಮನೆ ಬಿಟ್ಟು ಹೊರಟುಹೋದ. ಜಾವಗಲ್ಲಿನ ದಾರಿಯಲ್ಲಿ ಬರಿಗಾಲಿನಲ್ಲಿ ನಡೆಯುತ್ತಿದ್ದುದನ್ನು ಯಾರೋ ನೋಡಿದ್ದರು. ಎರಡು ದಿನದ ಮೇಲೆ ಹಳೇಬೀಡಿನ ದ್ವಾರಸಮುದ್ರ ಕೆರೆಯ ಏರಿಯ ಮೇಲೆ, ಅನ್ನ ನೀರಿಲ್ಲದೆ ಕುಳಿತಿದ್ದವನು ಸಿಕ್ಕಿದ. ನೀರಿನ ಅಂಚಿಗೂ ಅವನಿಗೂ ಹತ್ತು ಹೆಜ್ಜೆಯೂ ಇರಲಿಲ್ಲ.

ಸಂಗತಿಯ ಉಳಿದ ಭಾಗವನ್ನು ಕೊನೆಗೆ ಹೇಳುತ್ತೇನೆ. ಈಗ ಕಾರಣವನ್ನು ನೋಡೋಣ. ಕಾರಣ ಹುಡುಕುವ ಮೊದಲು, ಈ ಮದ್ದುಗಳ ಉಪಕಾರವನ್ನು ನೆನೆಯುವುದು ನ್ಯಾಯ. 1949ರಲ್ಲಿ ಆಸ್ಟ್ರೇಲಿಯದ ಜಾನ್ ಕೇಡ್ ಎಂಬ ವೈದ್ಯ, ಲಿಥಿಯಂ ಲವಣವು ಉನ್ಮಾದವನ್ನು ತಣಿಸುವುದೆಂದು ಕಂಡುಕೊಂಡ. 1952ರಲ್ಲಿ ಪ್ಯಾರಿಸಿನ ಆಸ್ಪತ್ರೆಯಲ್ಲಿ ಡಿಲೇ ಮತ್ತು ಡೆನಿಕರ್ ಎಂಬಿಬ್ಬರು ಕ್ಲೋರ್‌ಪ್ರೊಮಜೀನನ್ನು ಚಿತ್ತವಿಕಲತೆಗೆ ಕೊಟ್ಟು ನೋಡಿದರು. 1957ರಲ್ಲಿ ಖಿನ್ನತೆಗೆ ಇಮಿಪ್ರಮೀನ್, 1958ರಲ್ಲಿ ಹ್ಯಾಲೊಪೆರಿಡಾಲ್ ಬೆಳಕಿಗೆ ಬಂದವು. ಹತ್ತು ವರ್ಷ ತುಂಬುವಷ್ಟರಲ್ಲಿ ಮನೋರೋಗದ ಚಿಕಿತ್ಸೆಯ ರೂಪವೇ ಬದಲಾಯಿತು. ಅದಕ್ಕೆ ಮುಂಚೆ ಕಾಯಿಲೆ ಜೋರಾದವರಿಗೆ ಬೀಗ ಹಾಕಿದ ಕೋಣೆಯೋ ಸರಪಣಿಯೋ ಗತಿಯಾಗುತ್ತಿತ್ತು.

ನಮ್ಮ ನಾಡಿನಲ್ಲಿ ಬೆಂಗಳೂರಿನ ಮಾನಸಿಕ ಆಸ್ಪತ್ರೆಯೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಕೂಡಿ 1974ರಲ್ಲಿ ನಿಮ್ಹಾನ್ಸ್ ಆಯಿತು. 1985ರಿಂದ ಆ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ, ಹಳ್ಳಿಗಾಡಿನ ಸಾಧಾರಣ ಆಸ್ಪತ್ರೆಗಳಲ್ಲಿಯೇ ಮನೋರೋಗಕ್ಕೆ ಮದ್ದು ಕೊಡಬಹುದೆಂಬುದನ್ನು ಮಾಡಿ ತೋರಿಸಿತು. ಆ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಕಾರ್ಯಕ್ರಮಕ್ಕೆ ತಳಹದಿಯಾಯಿತು. ಹೀಗೆ ಈ ಮಾತ್ರೆಗಳು ಊರೂರಿನ ಮನೆಗಳನ್ನು ಮುಟ್ಟಿವೆ. ಅಡುಗೆಮನೆಯ ಡಬ್ಬದ ಹಿಂದೆ, ದೇವರ ಗೂಡಿನ ಮೂಲೆಯಲ್ಲಿ, ನೆಂಟರ ಕಣ್ಣಿಗೆ ಬೀಳದಂತೆ ಇರಿಸಿದ ಪೊಟ್ಟಣಗಳು ಎಷ್ಟೋ ಸಂಸಾರಗಳನ್ನು ನಿಲ್ಲಿಸಿವೆ. ಆದ್ದರಿಂದ ಮುಂದೆ ನಾನು ಹೇಳುವ ಯಾವ ತೊಂದರೆಯೂ ಮದ್ದನ್ನು ಬಿಡಲು ಕಾರಣವಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು.

ನನ್ನ ತಮ್ಮನ ಕಣ್ಣಿಗೆ ಆದದ್ದನ್ನು ತಿಳಿಯಲು ಒಂದು ಗಿಡದ ಕಡೆ ತಿರುಗೋಣ. ಬೇಲಿಯ ಬದಿಯಲ್ಲಿ ಬೆಳೆಯುವ, ಬಿಳಿಯ ತುತ್ತೂರಿಯಂಥ ಹೂ ಬಿಡುವ, ಮುಳ್ಳುಕಾಯಿಯ ಉಮ್ಮತ್ತ ತಮಗೆಲ್ಲ ಗೊತ್ತು. ಶಿವನಿಗೆ ಏರಿಸುವ ಹೂ ಅದು. ‘ಉನ್ಮತ್ತ’ ಎಂಬ ಸಂಸ್ಕೃತದ ಮಾತೇ ಕನ್ನಡದಲ್ಲಿ ಉಮ್ಮತ್ತವಾಯಿತು. ಅದರ ಬೀಜ ತಿಂದವನಿಗೆ ಬಾಯಿ ಒಣಗುತ್ತದೆ, ಪಾಪೆ ಅಗಲವಾಗಿ ತೆರೆದುಕೊಳ್ಳುತ್ತದೆ, ಹತ್ತಿರದ್ದು ಮಸುಕಾಗುತ್ತದೆ, ಬುದ್ಧಿ ಕದಡುತ್ತದೆ. ಆ ವಿಷದಲ್ಲಿರುವ ಅಟ್ರೊಪೀನ್ ಎಂಬ ವಸ್ತುವನ್ನು ಹನಿಯ ರೂಪದಲ್ಲಿ ಕಣ್ಣಿನ ವೈದ್ಯರೂ ಬಳಸುತ್ತಾರೆ. ಪಾಪೆಯನ್ನು ಕುಗ್ಗಿಸುವುದಕ್ಕೂ, ಮಸೂರವನ್ನು ಉಬ್ಬಿಸುವ ಸ್ನಾಯುವನ್ನು ಎಳೆಯುವುದಕ್ಕೂ ನರಗಳು ಅಸಿಟೈಲ್‌ಕೋಲೀನ್ ಎಂಬ ರಾಸಾಯನಿಕವನ್ನು ಓಲೆಕಾರನಂತೆ ಕಳುಹಿಸುತ್ತವೆ. ಅಟ್ರೊಪೀನು ಬಾಗಿಲಲ್ಲಿ ನಿಂತು ಆ ಓಲೆಕಾರನನ್ನು ಒಳಕ್ಕೆ ಬಿಡುವುದಿಲ್ಲ.

ಮನೋರೋಗದ ಮದ್ದುಗಳಲ್ಲಿ ಕೆಲವು, ತಮ್ಮ ಮುಖ್ಯ ಕೆಲಸದ ಜೊತೆಗೆ, ಈ ಬಾಗಿಲು ಕಾಯುವ ಕೆಲಸವನ್ನೂ ಮಾಡುತ್ತವೆ. ಖಿನ್ನತೆಗೆ ಕೊಡುವ ಇಮಿಪ್ರಮೀನ್, ಅಮಿಟ್ರಿಪ್ಟಿಲೀನ್ ಅಂಥವು. ಕ್ಲೋರ್‌ಪ್ರೊಮಜೀನಿನಲ್ಲಿಯೂ ಈ ಗುಣವುಂಟು. ಎಲ್ಲಕ್ಕಿಂತ ಹೆಚ್ಚಾಗಿ ಟ್ರೈಹೆಕ್ಸಿಫೆನಿಡಿಲ್ ಎಂಬ ಸಣ್ಣ ಮಾತ್ರೆಯಲ್ಲಿ ಈ ಗುಣವಿದೆ. ಹ್ಯಾಲೊಪೆರಿಡಾಲಿನಂಥ ಮದ್ದು ಕೈನಡುಕವನ್ನೂ ಮೈ ಬಿಗಿತವನ್ನೂ ತಂದಾಗ ಅದನ್ನು ತಗ್ಗಿಸಲೆಂದು ಈ ಮಾತ್ರೆಯನ್ನು ಜೊತೆಗೆ ಬರೆಯುತ್ತಾರೆ. ಕಾಯಿಲೆಗೆ ಒಂದು ಮದ್ದು, ಆ ಮದ್ದು ತಂದ ತೊಡಕಿಗೆ ಇನ್ನೊಂದು ಮದ್ದು ಎಂದಾಯಿತು. ನಡುಕ ನಿಂತ ಮೇಲೆ ಎಷ್ಟೋ ಜನರಿಗೆ ಈ ಎರಡನೆಯ ಮಾತ್ರೆಯನ್ನು ವೈದ್ಯರ ಕಣ್ಗಾವಲಿನಲ್ಲಿ ಮೆಲ್ಲಮೆಲ್ಲನೆ ಇಳಿಸಬಹುದು. ಆದರೆ ಹಳೆಯ ಚೀಟಿಯನ್ನೇ ಅಂಗಡಿಗೆ ತೋರಿಸಿ ವರ್ಷಗಟ್ಟಲೆ ಕೊಂಡು ತರುವ ರೂಢಿಯಲ್ಲಿ, ಅದು ಬೇಕೇ ಬೇಡವೇ ಎಂದು ಕೇಳುವವರೇ ಇರುವುದಿಲ್ಲ.

ನನ್ನ ತಮ್ಮನಿಗೆ ಆದದ್ದು ಇದು. ಮಸೂರ ಉಬ್ಬಲಾರದೆ ಹತ್ತಿರದ ಅಂಕಿ ಮಸುಕಾಯಿತು. ಅದೇ ವಯಸ್ಸಿನಲ್ಲಿ ಸಹಜವಾಗಿ ಬರುವ ಚಾಳೀಸು ಅದರ ಜೊತೆ ಸೇರಿಕೊಂಡಿತು. ಮಾತ್ರೆಯ ಪ್ರಮಾಣ ಏರಿದಂತೆ ಕನ್ನಡಕವೂ ಸಾಲದಾಯಿತು. ಕಣ್ಣು ಹಾಳಾಗಿರಲಿಲ್ಲ, ಅದರ ಕೈ ಕಟ್ಟಿತ್ತು, ಅಷ್ಟೆ. ಇಂಥ ಮಸುಕು ಸಾಮಾನ್ಯವಾಗಿ ಮದ್ದು ತಗ್ಗಿದರೆ ತಾನೂ ತಗ್ಗುತ್ತದೆ.

ಇದೇ ಬಾಗಿಲು ಕಾಯುವ ಗುಣ ಕೆಲವರಿಗೆ ಅಪಾಯವನ್ನೂ ತರಬಲ್ಲುದು. ಕಣ್ಣಿನೊಳಗೆ ನೀರಿನಂಥ ದ್ರವವೊಂದು ಸದಾ ಹುಟ್ಟುತ್ತ, ಪಾಪೆಯ ಸುತ್ತಲ ಬಣ್ಣದ ಪರದೆಯ ಅಂಚಿನಲ್ಲಿರುವ ಸಣ್ಣ ಮೂಲೆಯಿಂದ ಹೊರಹರಿಯುತ್ತಿರುತ್ತದೆ. ಕೆಲವರಿಗೆ, ಅದರಲ್ಲಿಯೂ ವಯಸ್ಸಾದ ಹೆಂಗಸರಿಗೆ ಮತ್ತು ದೂರದೃಷ್ಟಿಯ ದಪ್ಪ ಕನ್ನಡಕ ಹಾಕುವವರಿಗೆ, ಈ ಮೂಲೆ ಹುಟ್ಟಿನಿಂದಲೇ ಇಕ್ಕಟ್ಟು. ಪಾಪೆ ಹಿಗ್ಗಿದಾಗ ಪರದೆ ಮಡಿಸಿಕೊಂಡು ಆ ತೂಬನ್ನು ಮುಚ್ಚಿಬಿಡಬಹುದು. ತೂಬು ಮುಚ್ಚಿದ ಕೆರೆಯಂತೆ ಕಣ್ಣಿನಲ್ಲಿ ಒತ್ತಡ ಏರುತ್ತದೆ. ಕಣ್ಣು ಕೆಂಪಾಗುತ್ತದೆ, ಸಹಿಸಲಾರದ ನೋವು, ಅದೇ ಪಕ್ಕದ ತಲೆನೋವು, ದೀಪದ ಸುತ್ತ ಬಣ್ಣದ ಬಳೆಗಳು, ಜೊತೆಗೆ ವಾಂತಿ. ವಾಂತಿಯನ್ನು ಕಂಡು ಪಿತ್ತವೆಂದು ನಿಂಬೆಹಣ್ಣಿನ ಪಾನಕ ಕೊಟ್ಟು ಮಲಗಿಸುವವರುಂಟು. ಇದು ಗ್ಲಾಕೋಮಾದ ತೀವ್ರ ರೂಪ. ಗಂಟೆಗಳ ಲೆಕ್ಕದಲ್ಲಿ ದೃಷ್ಟಿನರ ನಾಶವಾಗಬಲ್ಲುದು; ಆ ರಾತ್ರಿಯೇ ಕಣ್ಣಿನ ವೈದ್ಯರನ್ನು ಮುಟ್ಟಬೇಕು. ಮೂಲೆ ಇಕ್ಕಟ್ಟಾಗಿದೆಯೆಂದು ಮೊದಲೇ ಗೊತ್ತಾದರೆ, ಲೇಸರ್ ಕಿರಣದಿಂದ ಆ ಪರದೆಯಲ್ಲಿ ಸೂಜಿಮೊನೆಯಷ್ಟು ಕಿಂಡಿ ಮಾಡಿ ಅಪಾಯವನ್ನು ತಪ್ಪಿಸಬಹುದು.

ಟೊಪಿರಮೇಟ್ ಎಂಬ ಮದ್ದಿನ ಬಗೆ ಇನ್ನೊಂದು. ಮೂರ್ಛೆರೋಗಕ್ಕೂ ಅರೆತಲೆನೋವಿಗೂ, ಕೆಲವೊಮ್ಮೆ ಮನೋವೈದ್ಯರಿಂದಲೂ ಬರೆಯಲ್ಪಡುವ ಈ ಮಾತ್ರೆ, ಅಪರೂಪವಾಗಿ, ಆರಂಭಿಸಿದ ಮೊದಲ ಕೆಲವು ವಾರಗಳಲ್ಲಿಯೇ ಎರಡೂ ಕಣ್ಣುಗಳಲ್ಲಿ ದೂರದ ನೋಟವನ್ನು ಒಮ್ಮೆಗೇ ಮಸುಕು ಮಾಡಿ ಒತ್ತಡವನ್ನು ಏರಿಸಬಹುದು. ಇಲ್ಲಿ ತೂಬು ಮುಚ್ಚುವುದು ಪಾಪೆ ಹಿಗ್ಗಿದ್ದರಿಂದಲ್ಲ, ಒಳಗಿನ ಅಂಗಾಂಶ ಬಾತು ಮಸೂರವನ್ನು ಮುಂದಕ್ಕೆ ತಳ್ಳಿದ್ದರಿಂದ. ಆದಕಾರಣ ಮೇಲೆ ಹೇಳಿದ ಲೇಸರ್ ಕಿಂಡಿ ಇದಕ್ಕೆ ಒದಗದು. ವೈದ್ಯರ ಸಲಹೆಯಂತೆ ಆ ಮದ್ದನ್ನೇ ನಿಲ್ಲಿಸಬೇಕಾಗುತ್ತದೆ. ನೋಡಿ, ಎರಡು ಕಣ್ಣುಗಳ ಲಕ್ಷಣ ಹೆಚ್ಚುಕಡಮೆ ಒಂದೇ. ಮದ್ದಿನ ಹೆಸರು ತಿಳಿಯದ ವೈದ್ಯನಿಗೆ ಚಿಕಿತ್ಸೆಯ ದಾರಿ ತಪ್ಪಬಹುದು.

ಇನ್ನು ನಿಧಾನವಾಗಿ, ವರ್ಷಗಳ ಮೇಲೆ ಕಾಣುವ ಬದಲಾವಣೆಗಳು. ಕ್ಲೋರ್‌ಪ್ರೊಮಜೀನನ್ನು ಹೆಚ್ಚು ಪ್ರಮಾಣದಲ್ಲಿ ದೀರ್ಘಕಾಲ ತೆಗೆದುಕೊಂಡವರ ಮಸೂರದ ಮುಂಭಾಗದಲ್ಲಿ ನಕ್ಷತ್ರದಾಕಾರದ ಸಣ್ಣ ಕಣಗಳು ಕೂಡುವುದನ್ನು 1964ರಲ್ಲಿ ಕೆನಡಾದ ವೈದ್ಯರು ವರದಿ ಮಾಡಿದರು. ಕಣ್ಣಿನ ಮುಂದಣ ಗಾಜಿನಂಥ ಕಾರ್ನಿಯಾದಲ್ಲಿಯೂ ಕಣಗಳು ಸೇರುತ್ತವೆ. ರೆಪ್ಪೆಗಳ ನಡುವೆ ಬಿಸಿಲಿಗೆ ತೆರೆದ ಭಾಗದಲ್ಲಿಯೇ ಹೆಚ್ಚು. ಬಿಸಿಲು ಬಿದ್ದ ಚರ್ಮ ಕೂಡ ಬಳಪದ ಬಣ್ಣಕ್ಕೆ ತಿರುಗುವುದುಂಟು. ಬೆಳಕಿಗೂ ಈ ಮದ್ದಿಗೂ ಇರುವ ನಂಟೇ ಇದಕ್ಕೆ ಕಾರಣವೆನ್ನುತ್ತಾರೆ. ಸಮಾಧಾನದ ಮಾತೆಂದರೆ ಈ ಕಣಗಳು ಬಹುಮಟ್ಟಿಗೆ ನೋಟವನ್ನು ಕೆಡಿಸುವುದಿಲ್ಲ; ಆದರೆ ವರ್ಷಕ್ಕೊಮ್ಮೆ ನೋಡಿಸಿಕೊಳ್ಳಬೇಕೆಂಬ ಎಚ್ಚರಿಕೆಯನ್ನು ಕೊಡುತ್ತವೆ. ಬಿಸಿಲಲ್ಲಿ ಹೊಲ, ತೋಟದ ಕೆಲಸ ಮಾಡುವವರು ಅಗಲ ಅಂಚಿನ ಟೋಪಿಯನ್ನೋ ಕಪ್ಪು ಕನ್ನಡಕವನ್ನೋ ಬಳಸುವುದು ಒಳ್ಳೆಯದು.

ಥಿಯೊರಿಡಜೀನ್ ಎಂಬ ಅದರ ಬಂಧುವಿನ ಕಥೆ ಇಷ್ಟು ಸೌಮ್ಯವಲ್ಲ. ದಿನಕ್ಕೆ 800 ಮಿಲಿಗ್ರಾಮಿಗಿಂತ ಹೆಚ್ಚಾಗಿ ಕೊಟ್ಟಾಗ ಅದು ಅಕ್ಷಿಪಟಲವನ್ನೇ ಸವೆಯಿಸುತ್ತಿತ್ತು. ಇರುಳುಗುರುಡು, ಕಂದು ಬಣ್ಣಕ್ಕೆ ತಿರುಗಿದ ನೋಟ ಅದರ ಗುರುತುಗಳು. ನಾನು ಆರಂಭದಲ್ಲಿ ಹೇಳಿದ ನವರಂಗದಲ್ಲಿ ಅಂಥವರು ಎಷ್ಟು ಹೊತ್ತು ನಿಂತರೂ ಕಂಬಗಳು ಕತ್ತಲಿನಿಂದ ಎದ್ದು ಬರುವುದಿಲ್ಲ. ಹೃದಯದ ಬಡಿತವನ್ನು ಕೆಡಿಸುತ್ತದೆಂಬ ಮುಖ್ಯ ಕಾರಣದಿಂದ ಅದರ ಮೂಲ ತಯಾರಕರು 2005ರಲ್ಲಿ ಜಗತ್ತಿನಾದ್ಯಂತ ಅದನ್ನು ಹಿಂತೆಗೆದುಕೊಂಡರು. ಹಿಂದೆ ಬಹುಕಾಲ ಅದನ್ನು ಸೇವಿಸಿದ ಹಿರಿಯರು ಮನೆಯಲ್ಲಿದ್ದರೆ, ಆ ಸಂಗತಿಯನ್ನು ಕಣ್ಣಿನ ವೈದ್ಯರಿಗೆ ಈಗಲೂ ಹೇಳಬೇಕು. ಬಿಟ್ಟ ಮೇಲೂ ಆ ಸವೆತ ಮುಂದುವರಿಯಬಹುದು.

ಕಣ್ಣಿನ ಒಳಗಲ್ಲದೆ ಅದನ್ನು ಆಡಿಸುವ ಸ್ನಾಯುಗಳಲ್ಲಿಯೂ ತೊಂದರೆ ಬರುತ್ತದೆ. ಹ್ಯಾಲೊಪೆರಿಡಾಲಿನಂಥ ಮದ್ದು ಆರಂಭಿಸಿದ ಅಥವಾ ಹೆಚ್ಚಿಸಿದ ಕೆಲವೇ ದಿನಗಳಲ್ಲಿ, ಅದರಲ್ಲಿಯೂ ಎಳೆಯ ವಯಸ್ಸಿನವರಲ್ಲಿ, ಎರಡೂ ಕಣ್ಣುಗಳು ಮೇಲಕ್ಕೆ ಸೆಳೆದುಕೊಂಡು ಅಲ್ಲಿಯೇ ನಿಂತುಬಿಡಬಹುದು. ಕೊರಳು ಹಿಂದಕ್ಕೆ ವಾಲುತ್ತದೆ. ರೋಗಿಗೆ ಅರಿವು ಪೂರ್ತಿ ಇರುತ್ತದೆ. ಕಣ್ಣು ಮಾತ್ರ ಕೆಳಗಿಳಿಯದು. ನಮ್ಮ ಕಡೆ ಇದನ್ನು ಕಂಡವರು ದೆವ್ವ ಮೆಟ್ಟಿತೆಂದೋ ದೇವರು ಮೈಮೇಲೆ ಬಂತೆಂದೋ ತಿಳಿದು ತಾಯಿತ ಕಟ್ಟಿಸಲು ಓಡುವುದುಂಟು. ಹತ್ತಿರದ ಆಸ್ಪತ್ರೆಗೆ ಹೋಗಿ, ಇಂಥ ಮದ್ದು ಕೊಡುತ್ತಿದ್ದೇವೆಂದು ಹೇಳಿದರೆ ಸಾಕು. ಒಂದು ಚುಚ್ಚುಮದ್ದಿನಿಂದ ಸ್ವಲ್ಪ ಹೊತ್ತಿನಲ್ಲಿಯೇ ಕಣ್ಣು ತನ್ನ ನೆಲೆಗೆ ಇಳಿಯುತ್ತದೆ. ವರ್ಷಗಟ್ಟಲೆ ಮದ್ದು ತೆಗೆದುಕೊಂಡವರಲ್ಲಿ ಕೆಲವರಿಗೆ ರೆಪ್ಪೆಗಳು ತಾವಾಗಿಯೇ ಬಿಗಿಯಾಗಿ ಮುಚ್ಚಿಕೊಳ್ಳತೊಡಗುತ್ತವೆ. ದಾರಿಯಲ್ಲಿ ನಡೆಯುವಾಗ ಬೆರಳಿನಿಂದ ಎತ್ತಿ ಹಿಡಿಯಬೇಕಾಗುತ್ತದೆ. ಇನ್ನು ಕೆಲವರು ರೆಪ್ಪೆ ಬಡಿಯುವುದೇ ಕಡಮೆಯಾಗಿ, ಕಣ್ಣೀರೂ ಕಡಮೆಯಾಗಿ, ಮರಳು ಬಿದ್ದಂತೆ ಉರಿ ಅನುಭವಿಸುತ್ತಾರೆ. ಇವಕ್ಕೂ ಚಿಕಿತ್ಸೆಯಿದೆ.

ಲಿಥಿಯಂ, ಕಾರ್ಬಮಜೆಪೀನ್ ತೆಗೆದುಕೊಳ್ಳುವವರಿಗೆ ಒಂದೇ ವಸ್ತು ಎರಡಾಗಿ ಕಂಡರೆ, ಅಕ್ಷರಗಳು ಅಲುಗಾಡಿದಂತೆ ತೋರಿದರೆ, ಜೊತೆಗೆ ನಡುಕ, ಓಲಾಟ, ಮಂಪರು ಇದ್ದರೆ, ಅದನ್ನು ಕನ್ನಡಕದ ದೋಷವೆಂದು ತಿಳಿಯಬಾರದು. ರಕ್ತದಲ್ಲಿ ಮದ್ದಿನ ಮಟ್ಟ ಮೀರಿರಬಹುದು; ತಡಮಾಡದೆ ವೈದ್ಯರ ಬಳಿಗೆ ಹೋಗಿ ಪರೀಕ್ಷಿಸಿಕೊಳ್ಳಬೇಕು. ಇಂದು ಹೆಚ್ಚು ಬಳಕೆಯಲ್ಲಿರುವ ಹೊಸ ಮದ್ದುಗಳು, ಎಂದರೆ ಓಲಾಂಜಪೀನ್, ಕ್ಲೋಜಪೀನ್ ಮೊದಲಾದವು, ಕೈನಡುಕದ ಕಾಟವನ್ನು ತಗ್ಗಿಸಿವೆ. ಆದರೆ ಅವು ಮೈಯ ತೂಕವನ್ನೂ ರಕ್ತದ ಸಕ್ಕರೆಯನ್ನೂ ಏರಿಸಬಲ್ಲವು. ಸಕ್ಕರೆ ಕಾಯಿಲೆ ಅಕ್ಷಿಪಟಲದ ಸೂಕ್ಷ್ಮ ರಕ್ತನಾಳಗಳನ್ನು ಕೆಡಿಸುವುದು ತಮಗೆ ತಿಳಿದದ್ದೇ. ಮದ್ದು ನೇರವಾಗಿ ಕಣ್ಣನ್ನು ಮುಟ್ಟದಿದ್ದರೂ ಬಳಸುದಾರಿಯಿಂದ ಮುಟ್ಟಬಹುದು. ಆದ್ದರಿಂದ ಇಂಥವರು ಸಕ್ಕರೆಯನ್ನು ಆಗಾಗ ಪರೀಕ್ಷಿಸಿಕೊಳ್ಳುವುದೂ ಕಣ್ಣಿನ ರಕ್ಷಣೆಯೇ ಆಗುತ್ತದೆ.

ಇಷ್ಟನ್ನೂ ಕೇಳಿ ಯಾರಿಗಾದರೂ ಅಂಜಿಕೆಯಾಗಿದ್ದರೆ, ಒಂದು ಮಾತನ್ನು ಗಮನಿಸಬೇಕು. ನಾನು ಹೇಳಿದವುಗಳಲ್ಲಿ ಬಹುಪಾಲು ತೊಂದರೆಗಳು ಎಲ್ಲರಿಗೂ ಬರುವಂಥವಲ್ಲ. ಬಂದರೂ ಬೇಗ ಕಂಡುಹಿಡಿದರೆ ಬಹುಮಟ್ಟಿಗೆ ಸರಿಪಡಿಸಬಹುದಾದವು. ಹಾಗಿದ್ದರೂ ಕಣ್ಣು ಕೆಡುವುದು, ಕೆಲಸ ಹೋಗುವುದು, ಮದ್ದು ಬಿಟ್ಟು ಕಾಯಿಲೆ ಮರಳುವುದು ಏಕೆ ನಡೆಯುತ್ತದೆ? ನನ್ನ ಮಟ್ಟಿಗೆ ಉತ್ತರ ಒಂದೇ. ಮಾತ್ರೆ ಮಾಡುವ ಕೇಡಿಗಿಂತ, ಮಾತ್ರೆಯ ಹೆಸರನ್ನು ಮುಚ್ಚಿಡುವ ನಮ್ಮ ಮೌನ ಮಾಡುವ ಕೇಡು ದೊಡ್ಡದು.

ಅರಸೀಕೆರೆಯಲ್ಲಿ ಹುಬ್ಬಳ್ಳಿಯ ಕಡೆಯ ರೈಲುದಾರಿಯೂ ಹಾಸನ, ಮೈಸೂರುಗಳ ಕಡೆಯ ದಾರಿಯೂ ಕೂಡುತ್ತವೆ. ಎರಡು ದಾರಿ ಕೂಡುವಲ್ಲಿ ಒಂದು ನಿಲ್ದಾಣ ಬೇಕೆಂಬುದು ರೈಲಿನವರಿಗೆ ಗೊತ್ತು. ಆದರೆ ಕಣ್ಣಿನ ದಾರಿ, ಮನಸ್ಸಿನ ದಾರಿ ನಮ್ಮಲ್ಲಿ ಬೇರೆಬೇರೆಯಾಗಿಯೇ ಓಡಿವೆ. ದೇಶದಲ್ಲಿ ಅಂಧತ್ವ ನಿಯಂತ್ರಣದ ಕಾರ್ಯಕ್ರಮ 1976ರಲ್ಲಿ ಆರಂಭವಾಯಿತು, ಮಾನಸಿಕ ಆರೋಗ್ಯದ ಕಾರ್ಯಕ್ರಮ 1982ರಲ್ಲಿ. ಕಣ್ಣಿನ ವೈದ್ಯರ ಬಳಿಗೆ ನಾವು ಹಗಲಿನಲ್ಲಿ, ನೆರೆಯವರಿಗೆ ಹೇಳಿ ಹೋಗುತ್ತೇವೆ. ಮನಸ್ಸಿನ ವೈದ್ಯರ ಬಳಿಗೆ ಪರವೂರಿಗೆ, ಮದುವೆಗೆಂದು ಸುಳ್ಳು ಹೇಳಿ ಹೋಗುತ್ತೇವೆ. ಇವರ ಚೀಟಿ ಅವರಿಗೆ ಕಾಣದು, ಅವರ ಚೀಟಿ ಇವರಿಗೆ ಕಾಣದು. ಈ ಎರಡು ದಾರಿಗಳು ಕೂಡುವ ನಿಲ್ದಾಣವೆಂದರೆ ರೋಗಿಯೂ ಅವನ ಮನೆಯವರೂ ಮಾತ್ರ. ಆ ನಿಲ್ದಾಣದಲ್ಲಿಯೇ ದೀಪ ಆರಿಸಿದರೆ ಏನು ಗತಿ?

ನನ್ನ ತಮ್ಮ ಸಿಕ್ಕಿದ ಮೇಲೆ ಅವನ ಹೆಂಡತಿಯನ್ನು ನಾನು ಕೇಳಿದೆ: ‘ಅಷ್ಟು ಸಲ ಕಣ್ಣು ತೋರಿಸಿದಿರಲ್ಲಮ್ಮ, ಒಂದು ಸಲವಾದರೂ ಈ ಮಾತ್ರೆಯ ವಿಷಯ ಹೇಳಲಿಲ್ಲವೆ?’ ಅವಳು ಸೆರಗಿನ ಅಂಚನ್ನು ಮಡಿಸುತ್ತ, ‘ಹೇಗೆ ಹೇಳೋದು ಭಾವ? ಅಲ್ಲಿ ಹತ್ತು ಜನ ಕೂತಿರ್ತಾರೆ. ಅದೂ ನಮ್ಮೂರಿನವರೇ. ನೀವೇ ಹೇಳಲಿಲ್ಲವಂತೆ’ ಎಂದಳು. ಅದರಲ್ಲಿ ಚುಚ್ಚುಮಾತಿರಲಿಲ್ಲ, ಇದ್ದದ್ದನ್ನು ಹೇಳಿದಳು. ವೈದ್ಯರ ಬಳಿ, ವಕೀಲರ ಬಳಿ ಸುಳ್ಳಾಡಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಮುಚ್ಚಿಡುವುದೂ ಸುಳ್ಳಿನ ಒಂದು ಬಗೆ ಎಂಬುದು ನನಗೆ ಆಗ ಹೊಳೆಯಿತು.

ಈಗ ಮಾಡಬೇಕಾದ್ದನ್ನು ಸಂಗ್ರಹವಾಗಿ ಹೇಳುತ್ತೇನೆ. ಮನಸ್ಸಿನ ಮದ್ದು ತೆಗೆದುಕೊಳ್ಳುವ ಪ್ರತಿಯೊಬ್ಬರೂ ಮಾತ್ರೆಗಳ ಹೆಸರು, ಪ್ರಮಾಣ, ಎಷ್ಟು ವರ್ಷದಿಂದ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಲಿ. ಜನರ ಎದುರಿಗೆ ಬಾಯಿಬಿಟ್ಟು ಹೇಳಲು ಸಂಕೋಚವಾದರೆ ಚೀಟಿಯನ್ನು ಮೌನವಾಗಿ ಕೊಡಬಹುದು. ದೀರ್ಘಕಾಲದ ಮದ್ದು ಶುರುವಾಗುವಾಗ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಕಣ್ಣು ತೋರಿಸಿಕೊಳ್ಳಲಿ. ಮನೋವೈದ್ಯರನ್ನು ಕಂಡಾಗಲೆಲ್ಲ ‘ಇದರಲ್ಲಿ ಇಳಿಸಬಹುದಾದ ಮಾತ್ರೆ ಯಾವುದಾದರೂ ಇದೆಯೇ?’ ಎಂದು ಕೇಳಲಿ. ಕಣ್ಣು ಕೆಂಪಾಗಿ ನೋವು, ವಾಂತಿ ಬಂದರೆ, ನೋಟ ಒಮ್ಮೆಗೇ ಮಸುಕಾದರೆ, ಕಣ್ಣು ಮೇಲಕ್ಕೆ ಸಿಕ್ಕಿಕೊಂಡರೆ, ಅಂದೇ ಆಸ್ಪತ್ರೆಗೆ ಹೋಗಬೇಕು. ಕಣ್ಣಿನ ನೆಪದಿಂದ ತಾವಾಗಿ ಮದ್ದು ನಿಲ್ಲಿಸುವುದು ಮಾತ್ರ, ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ.

ಕಾನೂನು ಕೂಡ ಇಂದು ನಮ್ಮ ಪಕ್ಷದಲ್ಲಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ಪ್ರಕಾರ, ಕೊಡುವ ಚಿಕಿತ್ಸೆಯ ಗೊತ್ತಿರುವ ಅಡ್ಡಪರಿಣಾಮಗಳನ್ನು ತಿಳಿದುಕೊಳ್ಳುವುದು ರೋಗಿಯ ಹಕ್ಕು. ತನ್ನ ಕಾಯಿಲೆಯ ವಿಷಯ ಗುಟ್ಟಾಗಿರಬೇಕೆಂಬುದೂ ಅವನ ಹಕ್ಕು. ರಾಜ್ಯದ ‘ಮನೋಚೈತನ್ಯ’ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೇ ಮನೋವೈದ್ಯರು ಬರುವ ಏರ್ಪಾಡಿದೆ; ದಿನ ಯಾವುದೆಂದು ಆಸ್ಪತ್ರೆಯಲ್ಲಿ ವಿಚಾರಿಸಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ದೂರವಾಣಿಗೆ, 14416 ಸಂಖ್ಯೆಗೆ, ಹಣವಿಲ್ಲದೆ ಕರೆಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಅಲ್ಲಿ ಮುಖ ಕಾಣದು. ಸಂಕೋಚದವರಿಗೆ ಅದೊಂದು ಅನುಕೂಲ.

ನನ್ನ ತಮ್ಮನ ಮಾತು ಉಳಿಯಿತು. ಅವನನ್ನು ನೋಡಿದ ಮನೋವೈದ್ಯರು ಮೊದಲು ಕಾಯಿಲೆಯನ್ನು ಹತೋಟಿಗೆ ತಂದರು. ಬಳಿಕ ಮುಖ್ಯ ಮದ್ದನ್ನು ಬದಲಾಯಿಸಿ, ಕೈನಡುಕದ ಮಾತ್ರೆಯನ್ನು ವಾರವಾರಕ್ಕೂ ಸ್ವಲ್ಪಸ್ವಲ್ಪವಾಗಿ ಇಳಿಸಿದರು. ಎರಡು ತಿಂಗಳ ಮೇಲೆ ಒಂದು ಸಂಜೆ ಅವನು ಹಳೆಯ ಪಂಚಾಂಗವನ್ನು ಬೆಳಕಿಗೆ ಹಿಡಿದು, ಸಣ್ಣಕ್ಷರದ ತಿಥಿವಾರಗಳನ್ನು ಓದಿ ಹೇಳಿದ. ಚಾಳೀಸಿನ ಕನ್ನಡಕ ಮಾತ್ರ ಉಳಿಯಿತು; ಅದು ವಯಸ್ಸಿನದು, ಅದಕ್ಕೆ ಯಾರೂ ಹೊಣೆಯಲ್ಲ. ಹಳೆಯ ಮಂಡಿಯ ಕೆಲಸ ಮರಳಿ ಸಿಗಲಿಲ್ಲ. ಇನ್ನೊಂದು ಸಣ್ಣ ಅಂಗಡಿಯಲ್ಲಿ, ಮೊದಲಿಗಿಂತ ಕಡಮೆ ಸಂಬಳಕ್ಕೆ, ಲೆಕ್ಕ ಬರೆಯುತ್ತಾನೆ.

ಈಚೆಗೆ ಕಣ್ಣಿನ ವಾರ್ಷಿಕ ಪರೀಕ್ಷೆಗೆ ಅವನೊಡನೆ ನಾನೂ ಹೋಗಿದ್ದೆ. ಸಾಲಿನಲ್ಲಿ ಹಿಂದೆ ಮುಂದೆ ಗುರುತಿನವರೇ ಇದ್ದರು. ‘ಬೇರೆ ಮಾತ್ರೆ ಏನಾದರೂ?’ ಎಂಬ ಅದೇ ಪ್ರಶ್ನೆ ಬಂತು. ಅವನು ನನ್ನ ಮುಖ ನೋಡಲಿಲ್ಲ. ಜೇಬಿನಿಂದ ಮಡಿಸಿದ ಚೀಟಿಯನ್ನು ತೆಗೆದು ಮೇಜಿನ ಮೇಲಿಟ್ಟ. ಖಾತೆ ಪುಸ್ತಕದಲ್ಲಿ ಬರೆದಂತೆ ಗೆರೆ ಎಳೆದು, ಒಂದು ಕಡೆ ಮದ್ದಿನ ಹೆಸರು, ಒಂದು ಕಡೆ ಪ್ರಮಾಣ, ಒಂದು ಕಡೆ ವರ್ಷ. ಮುತ್ತಿನಂಥ ಅವೇ ಅಕ್ಷರಗಳು. ಅಂದು ನಾನು ಆಡದೆ ಉಳಿಸಿದ ಮಾತನ್ನು ಅವನು ಬರೆದೇ ಇಟ್ಟುಕೊಂಡಿದ್ದ. ತಮ್ಮ ಮನೆಗಳಲ್ಲಿಯೂ ಅಂಥ ಒಂದು ಚೀಟಿ ಬರೆಯಬೇಕಾದವರು ಇದ್ದರೆ, ದಯಮಾಡಿ ಈ ರಾತ್ರಿಯೇ ಬರೆದಿಡಿ ಎಂದು ಕೇಳಿಕೊಂಡು, ನನ್ನ ಮಾತನ್ನು ಮುಗಿಸುತ್ತೇನೆ.